ಗಾಜಿನ ಪ್ಲೇಟು ಮರೆಯಲಿಲ್ಲ: ವಿಕಿರಣದ ಚರಿತ್ರೆಯಲ್ಲಿ ಬಿಭಾ ಚೌಧುರಿ

ಅಂಗೈಯನ್ನು ಒಮ್ಮೆ ಆಕಾಶದ ಕಡೆಗೆ ಚಾಚಿ ಹಿಡಿಯಿರಿ. ಸೆಕೆಂಡಿಗೆ ಸುಮಾರು ಒಂದರಂತೆ ಮ್ಯೂಯಾನ್ ಎಂಬ ಕಣ ಅದನ್ನು ತೂರಿಕೊಂಡು ಕೆಳಗಿಳಿಯುತ್ತಿರುತ್ತದೆ. ಚುಚ್ಚುವುದಿಲ್ಲ, ಬಿಸಿ ತಾಗುವುದಿಲ್ಲ. ಮನೆಯೊಳಗಿದ್ದರೂ ಅಷ್ಟೇ, ಮೇಲಿನ ಹತ್ತು ಮಹಡಿಗಳ ಕಾಂಕ್ರೀಟಿಗೂ ಅದನ್ನು ಪೂರ್ತಿ ತಡೆಯಲಾಗದು. ಕಣ್ಣಿಗೆ ಕಾಣದ, ಕೈಗೆ ಸಿಗದ ಇಂಥ ಕಣಗಳಿವೆ ಎಂದು ಮನುಷ್ಯರಿಗೆ ಗೊತ್ತಾದದ್ದು ಹೇಗೆ? ಅವನ್ನು ಎಣಿಸಿದವರು, ತೂಗಿದವರು ಯಾರು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ದೇಶದ ಒಬ್ಬ ಹೆಣ್ಣುಮಗಳ ಹೆಸರು ಎದುರಾಗುತ್ತದೆ. ಅವರೇ ಬಿಭಾ ಚೌಧುರಿ. ಮಹಿಳಾ ದಿನದ ಆಸುಪಾಸಿನಲ್ಲಿ ಅವರ ಬಗ್ಗೆ ವಾಟ್ಸ್‌ಆ್ಯಪ್ ಸಂದೇಶಗಳು ಓಡಾಡುತ್ತವೆ. “ಭಾರತೀಯ ಮಹಿಳೆಗೆ ಸಿಗಬೇಕಿದ್ದ ನೊಬೆಲ್ ಇಂಗ್ಲೆಂಡಿನವರ ಪಾಲಾಯಿತು” ಎಂಬಂಥ ಎರಡು ಸಾಲು, ಒಂದು ಫೋಟೋ. ಆ ಎರಡು ಸಾಲಿಗಿಂತ ನಿಜವಾದ ಕತೆ ದೊಡ್ಡದು. ಅದರಲ್ಲಿ ವಂಚನೆಗಿಂತ ಹೆಚ್ಚಾಗಿ ಕಾಣುವುದು ಯುದ್ಧಕಾಲದ ಕೊರತೆ, ತಿಂಗಳುಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತ ತಾಳ್ಮೆ ಮತ್ತು ಆ ತಾಳ್ಮೆಯನ್ನು ಲೆಕ್ಕಕ್ಕೆ ಹಿಡಿಯದ ಒಂದು ಅಭ್ಯಾಸ. ಇದು ಅರ್ಥವಾಗಬೇಕಾದರೆ ವಿಕಿರಣದ ಕತೆಯನ್ನು ಮೊದಲಿನಿಂದ ಹೇಳಬೇಕು. ಮನೆಯಲ್ಲಿ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿದ್ದರೆ ಅವರಿಗೂ ಓದಿ ಹೇಳಬಹುದು.

ಡ್ರಾಯರಿನಲ್ಲಿಟ್ಟ ಪ್ಲೇಟು

1895ರ ನವೆಂಬರಿನಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಮರುತಿಂಗಳು ತಮ್ಮ ಹೆಂಡತಿ ಬರ್ತಾಳ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆಗಳು ಮತ್ತು ಉಂಗುರ ಕಾಣುವ ಆ ಚಿತ್ರ ಜಗತ್ತನ್ನೇ ಬೆರಗಾಗಿಸಿತು. ಕೆಲವೇ ವಾರಗಳ ನಂತರ ಪ್ಯಾರಿಸ್‌ನಲ್ಲಿ ಹೆನ್ರಿ ಬೆಕ್ವೆರಲ್ ಯುರೇನಿಯಂ ಲವಣಗಳನ್ನು ಹಿಡಿದು ಕೂತಿದ್ದರು. ಬಿಸಿಲಿಗೆ ಹಿಡಿದರೆ ಈ ಲವಣವೂ ಅಂಥ ಕಿರಣ ಹೊರಸೂಸುತ್ತದೆಯೇ ಎಂಬುದು ಅವರ ಪ್ರಶ್ನೆ. ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಪ್ಲೇಟಿನ ಮೇಲೆ ಲವಣವಿಟ್ಟರು. ಆದರೆ ಫೆಬ್ರವರಿಯ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಮೋಡ ಕವಿದಿತ್ತು. ಬಿಸಿಲು ಬರಲಿ ನೋಡೋಣ ಎಂದು ಪ್ಲೇಟನ್ನು ಡ್ರಾಯರಿನೊಳಗೆ ಇಟ್ಟುಬಿಟ್ಟರು. 1896ರ ಮಾರ್ಚ್ 1ರಂದು ಅದನ್ನು ತೊಳೆದು ನೋಡಿದರೆ, ಬಿಸಿಲೇ ಇಲ್ಲದೆ ಲವಣದ ಅಚ್ಚು ಕಪ್ಪಗೆ ಮೂಡಿತ್ತು. ಸೂರ್ಯನ ಹಂಗಿಲ್ಲದೆ ಯುರೇನಿಯಂ ತಾನಾಗಿಯೇ ಏನನ್ನೋ ಹೊರಸೂಸುತ್ತಿತ್ತು.

ಐಟಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಯಾರೂ ನೋಡದಿದ್ದಾಗಲೂ ನಡೆದದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಲಾಗ್ ಫೈಲ್ ಇರುತ್ತದಲ್ಲ, ಫೋಟೋ ಪ್ಲೇಟು ವಿಜ್ಞಾನಕ್ಕೆ ಸಿಕ್ಕ ಅಂಥ ಮೊದಲ ಲಾಗ್. ಕತ್ತಲಲ್ಲಿಟ್ಟರೂ ಅದು ದಾಖಲಿಸುತ್ತಲೇ ಇರುತ್ತದೆ. ಮುಂದಿನ ಐವತ್ತು ವರ್ಷಗಳ ನಮ್ಮ ಕತೆ ಈ ಪ್ಲೇಟಿನ ಸುತ್ತಲೇ ನಡೆಯುತ್ತದೆ.

ಬೆಕ್ವೆರಲ್ ಕಂಡ ಈ ಗುಣಕ್ಕೆ ‘ರೇಡಿಯೊ ಆ್ಯಕ್ಟಿವಿಟಿ’ ಎಂಬ ಹೆಸರು ಬಂದದ್ದು ಮೇರಿ ಕ್ಯೂರಿಯಿಂದ. ಇದು ಅಣುಗಳು ಹೇಗೆ ಕೂಡಿಕೊಂಡಿವೆ ಎಂಬುದರ ಮೇಲೆ ನಿಂತದ್ದಲ್ಲ, ಪರಮಾಣುವಿನದೇ ಗುಣ ಎಂದು ಆಕೆ ಗುರುತಿಸಿದರು. 1898ರಲ್ಲಿ ಪೊಲೋನಿಯಂ, ಆಮೇಲೆ ರೇಡಿಯಂ ಎಂಬ ಎರಡು ಹೊಸ ಧಾತುಗಳನ್ನು ಪತಿ ಪಿಯರ್ ಜೊತೆ ಸೇರಿ ಸಾರಿದರು. ಆದರೂ 1903ರ ನೊಬೆಲ್‌ಗೆ ಫ್ರಾನ್ಸಿನಿಂದ ಹೋದ ಶಿಫಾರಸಿನಲ್ಲಿ ಇದ್ದದ್ದು ಬೆಕ್ವೆರಲ್ ಮತ್ತು ಪಿಯರ್ ಹೆಸರು ಮಾತ್ರ. ಸ್ವೀಡನ್ನಿನ ಗಣಿತಜ್ಞರೊಬ್ಬರು ಗುಟ್ಟಾಗಿ ಸುದ್ದಿ ಮುಟ್ಟಿಸಿದಾಗ, ಮೇರಿಯನ್ನು ಬಿಟ್ಟರೆ ಸರಿಯಲ್ಲ ಎಂದು ಪಿಯರ್ ಪತ್ರ ಬರೆದ ಮೇಲೆಯೇ ಆಕೆಯ ಹೆಸರು ಸೇರಿತು. ಎರಡು ನೊಬೆಲ್ ಪಡೆದ ಮೇರಿ ಕ್ಯೂರಿಯ ವಿಷಯದಲ್ಲೇ ಹೀಗಾದರೆ, ಉಳಿದವರ ಪಾಡೇನು?

ಆಲ್ಫಾ, ಬೀಟಾ, ಗಾಮಾ

ಇಲ್ಲಿ ಒಂದು ಕ್ಷಣ ನಿಂತು ಪಾಠ ಮಾಡಿಕೊಳ್ಳೋಣ. ರೇಡಿಯಂನಂಥ ಧಾತುವಿನ ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ ಸ್ಥಿರವಾಗಿ ಇರಲಾರದು. ಹೆಚ್ಚಿನ ಶಕ್ತಿಯನ್ನು ಹೊರಹಾಕಿ ಹಗುರಾಗುತ್ತದೆ. ಹಾಗೆ ಹೊರಬರುವುದು ಮುಖ್ಯವಾಗಿ ಮೂರು ಬಗೆ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಾಗಿ ಬಂದರೆ ಅದು ಆಲ್ಫಾ. ಭಾರದ ಕಣ, ಒಂದು ಹಾಳೆ ಕಾಗದ ಅದನ್ನು ತಡೆಯುತ್ತದೆ. ವೇಗದ ಎಲೆಕ್ಟ್ರಾನ್ ಬಂದರೆ ಬೀಟಾ. ಅದಕ್ಕೆ ಕೆಲವು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಸಾಕು. ಗಾಮಾ ಬೆಳಕಿನ ಜಾತಿಯದು, ಆದರೆ ಶಕ್ತಿ ಬಹಳ ಹೆಚ್ಚು. ಅದನ್ನು ತಗ್ಗಿಸಲು ದಪ್ಪ ಸೀಸ ಅಥವಾ ಕಾಂಕ್ರೀಟ್ ಬೇಕು.

ಈ ಮೂರೂ ಹೋಗುವ ದಾರಿಯಲ್ಲಿನ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತವೆ. ಇದೇ ಅಯಾನೀಕರಣ. ಪ್ಲೇಟಿನಲ್ಲಿ ಗುರುತು ಮೂಡುವುದೂ ಇದರಿಂದಲೇ, ನಮ್ಮ ಜೀವಕೋಶಕ್ಕೆ ಹಾನಿಯಾಗುವುದೂ ಇದರಿಂದಲೇ. ಮೊಬೈಲ್, ವೈಫೈ, ಮೈಕ್ರೋವೇವ್ ಒಲೆಯ ಅಲೆಗಳಿಗೆ ಎಲೆಕ್ಟ್ರಾನ್ ಕೀಳುವಷ್ಟು ಶಕ್ತಿ ಇಲ್ಲ. ಆದ್ದರಿಂದ ಅವನ್ನು ಈ ಗುಂಪಿಗೆ ಸೇರಿಸುವುದಿಲ್ಲ.

ಆಲ್ಫಾವನ್ನು ಕಾಗದವೇ ತಡೆಯುತ್ತದೆ ಎಂದ ಮಾತ್ರಕ್ಕೆ ಅದು ಸಾಧು ಎಂದುಕೊಳ್ಳಬೇಡಿ. ಹೊರಗಿದ್ದರೆ ಚರ್ಮದ ಮೇಲ್ಪದರ ತಡೆಯುತ್ತದೆ, ಒಳಗೆ ಹೋದರೆ ತಡೆಯುವವರಿಲ್ಲ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ನ್ಯೂಜೆರ್ಸಿಯ ಗಡಿಯಾರ ಕಾರ್ಖಾನೆಯ ಹುಡುಗಿಯರು. ಮೊದಲ ಮಹಾಯುದ್ಧದ ಕಾಲದಿಂದ ಅವರು ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವನ್ನು ಗಡಿಯಾರದ ಅಂಕಿಗಳಿಗೆ ಬಳಿಯುತ್ತಿದ್ದರು. ಕುಂಚದ ತುದಿ ಚೂಪಾಗಲು ತುಟಿಗಿಟ್ಟು ಎಳೆಯುವಂತೆ ಅವರಿಗೆ ಹೇಳಿಕೊಟ್ಟಿದ್ದರು. ರೇಡಿಯಂ ದೇಹದಲ್ಲಿ ಕ್ಯಾಲ್ಸಿಯಂನಂತೆ ನಡೆದುಕೊಂಡು ಮೂಳೆ ಸೇರುತ್ತದೆ. ಹಲ್ಲು ಉದುರಿ, ದವಡೆ ಕೊಳೆತು, ಒಬ್ಬೊಬ್ಬರೇ ಸತ್ತರು. 1922ರಲ್ಲಿ ತೀರಿಕೊಂಡ ಅಮೀಲಿಯಾ ಮ್ಯಾಗಿಯಾಗೆ ಸಿಫಿಲಿಸ್ ಎಂದು ಮರಣಪತ್ರದಲ್ಲಿ ಬರೆದರು. ಸತ್ತ ಮೇಲೂ ಅಂಟಿದ ಕಳಂಕ ಅದು. 1927ರಲ್ಲಿ ಆಕೆಯ ದೇಹವನ್ನು ಹೊರತೆಗೆದು, ಮೂಳೆಗಳನ್ನು ಕತ್ತಲಲ್ಲಿ ಎಕ್ಸ್-ರೇ ಫಿಲ್ಮಿಗೆ ತಾಗಿಸಿ ಇಟ್ಟಾಗ ಫಿಲ್ಮಿನ ಮೇಲೆ ಗುರುತು ಮೂಡಿತು. ವೈದ್ಯರ ಕಾಗದ ಸುಳ್ಳು ಹೇಳಿತ್ತು, ಫಿಲ್ಮು ನಿಜ ಹೇಳಿತು. ಬದುಕುಳಿದ ಐವರು ಹೂಡಿದ ಮೊಕದ್ದಮೆ 1928ರಲ್ಲಿ ಪರಿಹಾರದೊಂದಿಗೆ ಮುಗಿಯಿತು. ಕೆಲಸದ ಜಾಗದಲ್ಲಿ ವಿಕಿರಣದಿಂದ ರಕ್ಷಣೆ ಬೇಕೆಂಬ ನಿಯಮಗಳ ಹಿಂದೆ ಈ ಹುಡುಗಿಯರ ಮೂಳೆಗಳಿವೆ.

ಹಾಗೆಂದು ವಿಕಿರಣ ಎಂಬ ಪದ ಕೇಳಿದೊಡನೆ ಹೆದರಬೇಕಾಗಿಲ್ಲ. ಮಣ್ಣು, ಕಲ್ಲು, ಗಾಳಿಯಲ್ಲಿನ ರೇಡಾನ್, ಆಹಾರ, ಆಕಾಶ ಎಲ್ಲವೂ ಸೇರಿ ವರ್ಷಕ್ಕೆ ಒಬ್ಬರಿಗೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸ್ವಾಭಾವಿಕವಾಗಿಯೇ ಸಿಗುತ್ತದೆ. ನಮ್ಮ ದೇಹದಲ್ಲಿರುವ ಪೊಟ್ಯಾಸಿಯಂನಲ್ಲೇ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪರಮಾಣುಗಳು ಕ್ಷಯಿಸುತ್ತವೆ. ಎದೆಯ ಒಂದು ಎಕ್ಸ್-ರೇಯಿಂದ ಸಿಗುವುದು 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಸಿಟಿ ಸ್ಕ್ಯಾನಿನಲ್ಲಿ ಅದರ ಹತ್ತಾರು ಪಟ್ಟು. ಅಗತ್ಯವಿದ್ದಾಗ ಮಾಡಿಸಿಕೊಳ್ಳಲು ಅಂಜಬಾರದು, ಅಗತ್ಯವಿಲ್ಲದೆ ಮಾಡಿಸಬಾರದು. ಬಸುರಿಯಾಗಿದ್ದರೆ ಅಥವಾ ಆ ಅನುಮಾನವಿದ್ದರೆ ಮೊದಲೇ ಹೇಳಬೇಕು. ಇಷ್ಟು ತಿಳಿದಿದ್ದರೆ ಸಾಕು.

ಆಕಾಶದಿಂದ ಬರುವುದು

ಮೇಲಿನ ಪಟ್ಟಿಯಲ್ಲಿ ‘ಆಕಾಶ’ ಎಂದೆನಲ್ಲ, ಅದು ಗೊತ್ತಾದದ್ದು 1912ರಲ್ಲಿ. ವಿಕಿರಣ ಬರುವುದು ನೆಲದಿಂದ ಮಾತ್ರ ಎಂದಾದರೆ ಮೇಲೆ ಹೋದಂತೆಲ್ಲ ಕಡಿಮೆಯಾಗಬೇಕು. ಆಸ್ಟ್ರಿಯದ ವಿಕ್ಟರ್ ಹೆಸ್ ಆ ವರ್ಷದ ಆಗಸ್ಟ್ 7ರಂದು ಬಲೂನಿನಲ್ಲಿ 5,000 ಮೀಟರಿಗೂ ಮೇಲೆ ಏರಿ ಅಳೆದರು. ಅಲ್ಲಿ ಅದು ನೆಲಕ್ಕಿಂತ ಹೆಚ್ಚಾಗಿತ್ತು. ಹೊರಗಿನ ವಿಶ್ವದಿಂದ ನಮ್ಮ ಮೇಲೆ ಕಣಗಳ ಮಳೆ ಸುರಿಯುತ್ತಿದೆ ಎಂಬುದು ಆಗ ಹೊರಬಿತ್ತು. ಇವೇ ವಿಶ್ವಕಿರಣಗಳು, ಅಂದರೆ ಕಾಸ್ಮಿಕ್ ಕಿರಣಗಳು. ಹೆಚ್ಚಿನವು ಪ್ರೋಟಾನ್‌ಗಳು. ವಾತಾವರಣದ ಮೇಲಿನ ಪದರದಲ್ಲಿ ಗಾಳಿಯ ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆದು ಹೊಸ ಕಣಗಳನ್ನು ಹುಟ್ಟಿಸುತ್ತವೆ.

ಆ ಹೊಸ ಕಣಗಳನ್ನು ನೋಡುವುದು ಹೇಗೆ? ವಿಯೆನ್ನಾದ ರೇಡಿಯಂ ಸಂಸ್ಥೆಯಲ್ಲಿ ಮರಿಯೆಟಾ ಬ್ಲಾ ಎಂಬ ವಿಜ್ಞಾನಿ 1920ರ ದಶಕದಿಂದಲೇ ಇದಕ್ಕೆ ಫೋಟೋ ಪ್ಲೇಟನ್ನು ಹದಗೊಳಿಸುತ್ತಿದ್ದರು. ಹೆಚ್ಚಿನ ವರ್ಷ ಸಂಬಳವಿಲ್ಲದ ದುಡಿಮೆ. ಪ್ಲೇಟಿನ ಮೇಲೆ ಜೆಲಟಿನ್ ಲೇಪದಲ್ಲಿ ಬೆಳ್ಳಿಯ ಬ್ರೋಮೈಡಿನ ಸೂಕ್ಷ್ಮ ಹರಳುಗಳಿರುತ್ತವೆ. ವಿದ್ಯುದಂಶವುಳ್ಳ ಕಣ ಹಾದುಹೋದ ದಾರಿಯ ಹರಳುಗಳು, ಪ್ಲೇಟು ತೊಳೆದಾಗ, ಬೆಳ್ಳಿಯ ಕಪ್ಪು ಚುಕ್ಕೆಗಳಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಂಗೋಲಿಯ ಚುಕ್ಕೆ ಸಾಲಿನ ಹಾಗೆ ಒಂದು ಗೆರೆ. ಬ್ಲಾ ಮತ್ತು ಅವರ ಶಿಷ್ಯೆ ಹರ್ತಾ ವಾಂಬಾಖರ್ ಇನ್ಸ್‌ಬ್ರುಕ್ ಬಳಿಯ 2,300 ಮೀಟರ್ ಎತ್ತರದ ಬೆಟ್ಟದಲ್ಲಿ ಪ್ಲೇಟುಗಳನ್ನು ಐದು ತಿಂಗಳು ಇಟ್ಟರು. 1937ರಲ್ಲಿ ತೊಳೆದು ನೋಡಿದಾಗ ಒಂದೇ ಬಿಂದುವಿನಿಂದ ಸುತ್ತಲೂ ಚಿಮ್ಮಿದ ಗೆರೆಗಳು ಕಂಡವು. ವಿಶ್ವಕಿರಣವೊಂದು ನ್ಯೂಕ್ಲಿಯಸ್ಸನ್ನು ಒಡೆದು ಚೂರುಮಾಡಿದ ಗುರುತು! ನಕ್ಷತ್ರದಂತೆ ಕಂಡದ್ದರಿಂದ ಅದಕ್ಕೆ ‘ನಕ್ಷತ್ರ’ ಎಂದೇ ಹೆಸರಾಯಿತು.

ಮರುವರ್ಷ ಹಿಟ್ಲರನ ಸೈನ್ಯ ಆಸ್ಟ್ರಿಯಕ್ಕೆ ನುಗ್ಗಿತು. ಯಹೂದಿಯಾದ ಬ್ಲಾ ದೇಶ ಬಿಡಬೇಕಾಯಿತು. ಐನ್‌ಸ್ಟೈನ್ ಅವರ ನೆರವಿನಿಂದ ಮೆಕ್ಸಿಕೋದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಂಶೋಧನೆ ಕೈತಪ್ಪಿತು.

ಕಲ್ಕತ್ತೆಯಿಂದ ಸಂದಕ್‌ಫುಗೆ

ಅದೇ ಹೊತ್ತಿಗೆ ಕಲ್ಕತ್ತೆಯಲ್ಲಿ ಈ ಪ್ಲೇಟಿನ ದಾರಿಯನ್ನೇ ಹಿಡಿಯಲು ಇನ್ನೊಬ್ಬರು ಸಜ್ಜಾಗುತ್ತಿದ್ದರು. ಬಿಭಾ ಚೌಧುರಿ ಹುಟ್ಟಿದ್ದು 1913ರಲ್ಲಿ, ಹೆಣ್ಣುಮಕ್ಕಳನ್ನು ಓದಿಸುವುದರಲ್ಲಿ ನಂಬಿಕೆಯಿದ್ದ ಬ್ರಹ್ಮಸಮಾಜದ ಹಿನ್ನೆಲೆಯ ಮನೆಯಲ್ಲಿ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿದಾಗ ಆ ತರಗತಿಯಲ್ಲಿ ಅವರೊಬ್ಬರೇ ಹುಡುಗಿ. ಸಂಶೋಧನೆಗೆಂದು ದೇವೇಂದ್ರ ಮೋಹನ್ ಬೋಸ್ ಅವರ ಬಳಿ ಹೋದರು. ಇವರು ಜಗದೀಶಚಂದ್ರ ಬೋಸರ ಸೋದರಳಿಯ. ಹೆಣ್ಣುಮಕ್ಕಳಿಗೆ ಕೊಡುವಂಥ ಕೆಲಸ ತಮ್ಮಲ್ಲಿಲ್ಲ ಎಂದು ಅವರು ಮೊದಲು ಹಿಂದೇಟು ಹಾಕಿದರೆಂದೂ, ಬಿಭಾ ಪಟ್ಟು ಬಿಡಲಿಲ್ಲವೆಂದೂ ಜೀವನಚರಿತ್ರೆಕಾರರು ಬರೆಯುತ್ತಾರೆ. ಮುಂದೆ ಅದೇ ಬೋಸ್ ಅವರನ್ನು ಸರಿಸಮನಾದ ಸಹ ಲೇಖಕಿಯಾಗಿ ನಡೆಸಿಕೊಂಡರು ಎಂಬುದನ್ನೂ ಹೇಳಬೇಕು.

ಬೋಸ್ ಸಂಸ್ಥೆಯಲ್ಲಿ ದುಬಾರಿ ಯಂತ್ರಗಳಿರಲಿಲ್ಲ. ಆದರೆ ಹಿಮಾಲಯವಿತ್ತು. ಇಲ್‌ಫರ್ಡ್ ಕಂಪನಿಯ ಪ್ಲೇಟುಗಳನ್ನು ಡಾರ್ಜಿಲಿಂಗ್, ಅದಕ್ಕೂ ಮೇಲಿನ ಸುಮಾರು 3,600 ಮೀಟರ್ ಎತ್ತರದ ಸಂದಕ್‌ಫು, ಇನ್ನೂ ಎತ್ತರದ ಟಿಬೆಟ್ಟಿನ ಫಾರಿ ಜೊಂಗ್, ಹೀಗೆ ಬೇರೆ ಬೇರೆ ಎತ್ತರಗಳಲ್ಲಿ ತಿಂಗಳುಗಟ್ಟಲೆ ಇಡಿಸಿದರು. ಕೆಳಗೆ ತಂದು ತೊಳೆದ ಮೇಲೆ ಶುರುವಾಗುತ್ತಿತ್ತು ನಿಜವಾದ ಕೆಲಸ. ಸೂಕ್ಷ್ಮದರ್ಶಕದಡಿ ಒಂದೊಂದೇ ಗೆರೆ ಹುಡುಕುವುದು, ಉದ್ದ ಅಳೆಯುವುದು, ಚುಕ್ಕೆ ಎಣಿಸುವುದು, ಎಲ್ಲಿ ಎಷ್ಟು ಬಾಗಿದೆ ನೋಡುವುದು.

ಬಾಗುವಿಕೆಯನ್ನು ಯಾಕೆ ನೋಡಬೇಕು? ಗುಂಡಿ ಬಿದ್ದ ರಸ್ತೆಯಲ್ಲಿ ತುಂಬಿದ ಲಾರಿ ಮತ್ತು ಸೈಕಲ್ ಹೋಗುವುದನ್ನು ನೆನೆಸಿಕೊಳ್ಳಿ. ಲಾರಿ ನೆಟ್ಟಗೆ ಹೋಗುತ್ತದೆ, ಸೈಕಲ್ ಅತ್ತಿತ್ತ ಓಲಾಡುತ್ತದೆ. ಹಾಗೆಯೇ ಭಾರದ ಪ್ರೋಟಾನಿನ ಗೆರೆ ಹೆಚ್ಚುಕಡಿಮೆ ನೇರ, ಹಗುರ ಕಣದ ಗೆರೆ ವಕ್ರ. ಚುಕ್ಕೆಗಳು ಎಷ್ಟು ಒತ್ತಾಗಿವೆ, ಗೆರೆ ಎಷ್ಟು ಬಾಗಿದೆ ಎಂಬ ಎರಡನ್ನೂ ಕೂಡಿಸಿದರೆ ಕಣದ ರಾಶಿಯನ್ನು ಲೆಕ್ಕಹಾಕಬಹುದು. ಬೋಸ್ ಮತ್ತು ಬಿಭಾ ಮಾಡಿದ್ದು ಇದನ್ನೇ. ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ರಾಶಿಯುಳ್ಳ ಕಣಗಳು ತಮ್ಮ ಪ್ಲೇಟಿನಲ್ಲಿವೆ ಎಂದು ಅವರು ತೋರಿಸಿದರು. 1940ರಿಂದ 1942ರವರೆಗೆ ‘ನೇಚರ್’ ಪತ್ರಿಕೆಯಲ್ಲಿ ಸಾಲಾಗಿ ಅವರ ಲೇಖನಗಳು ಬಂದವು. ಎಲೆಕ್ಟ್ರಾನಿಗೂ ಪ್ರೋಟಾನಿಗೂ ನಡುವಿನ ರಾಶಿಯ ಇಂಥ ಕಣವನ್ನು ಆಗ ‘ಮೆಸೊಟ್ರಾನ್’ ಎನ್ನುತ್ತಿದ್ದರು. ಅದನ್ನು ಚಿಕ್ಕದಾಗಿ ‘ಮೆಸಾನ್’ ಎನ್ನೋಣ ಎಂದು 1939ರಲ್ಲಿ ಸೂಚಿಸಿದವರಲ್ಲಿ ನಮ್ಮ ಹೋಮಿ ಭಾಭಾ ಒಬ್ಬರು.

ಸಿಗದೇ ಹೋದ ಪ್ಲೇಟು

ಆಮೇಲೆ ಏನಾಯಿತು? ಬಿಭಾ ಬಳಸುತ್ತಿದ್ದವು ಹಾಫ್-ಟೋನ್ ಪ್ಲೇಟುಗಳು. ಕಣಗಳ ಗೆರೆ ಅವುಗಳಲ್ಲಿ ಚೆನ್ನಾಗಿ ಮೂಡುತ್ತಿರಲಿಲ್ಲ. ಹೆಚ್ಚು ಸೂಕ್ಷ್ಮವಾದ ಪ್ಲೇಟು ಬೇಕಿತ್ತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ಕಾಲದಲ್ಲಿ ಕಲ್ಕತ್ತೆಗೆ ಅದು ಸಿಗಲಿಲ್ಲ. ಕೆಲಸ ಅಲ್ಲಿಗೆ ನಿಂತಿತು.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸೆಸಿಲ್ ಪೊವೆಲ್ ಅವರ ತಂಡಕ್ಕೆ ಹೊಸ ಬಗೆಯ, ಬೆಳ್ಳಿ ಹೆಚ್ಚಿರುವ ಪ್ಲೇಟುಗಳು ಸಿಕ್ಕವು. ಅವರೂ ಅವನ್ನು ಬೆಟ್ಟದ ಮೇಲಿಟ್ಟರು. 1947ರಲ್ಲಿ ಒಂದು ಕಣ ನಿಂತ ಜಾಗದಿಂದಲೇ ಇನ್ನೊಂದು ಕಣ ಹೊರಟ ಗುರುತು ಅವರ ಪ್ಲೇಟಿನಲ್ಲಿ ಸಿಕ್ಕಿತು. ಮೊದಲನೆಯದು ಪಯಾನ್, ಎರಡನೆಯದು ಮ್ಯೂಯಾನ್. ಅಲ್ಲಿಯವರೆಗೆ ಒಂದೇ ಎಂದು ತಿಳಿದಿದ್ದ ‘ಮೆಸಾನ್’ ಎರಡಾಯಿತು. ಪಯಾನಿನ ರಾಶಿ ಎಲೆಕ್ಟ್ರಾನಿನ 273 ಪಟ್ಟು, ಮ್ಯೂಯಾನಿನದು 207 ಪಟ್ಟು. ಪಯಾನ್ ಹುಟ್ಟಿದ ಸೆಕೆಂಡಿನ ಕೋಟಿಭಾಗಕ್ಕೂ ಕಡಿಮೆ ಸಮಯದಲ್ಲಿ ಕ್ಷಯಿಸುತ್ತದೆ. ಆದ್ದರಿಂದ ಅದು ಸಿಗುವುದು ಎತ್ತರದಲ್ಲಿ. ಮ್ಯೂಯಾನಿನ ಆಯಸ್ಸು ಅದರ ಎಂಬತ್ತು ಪಟ್ಟಿನಷ್ಟು. ಬೆಳಕಿನ ಹತ್ತಿರದ ವೇಗದಲ್ಲಿ ಬರುವುದರಿಂದ, ಐನ್‌ಸ್ಟೈನ್ ಹೇಳಿದಂತೆ, ಅದರ ಕಾಲ ನಮಗೆ ಹಿಗ್ಗಿದಂತೆ ಕಾಣುತ್ತದೆ. ಹಾಗಾಗಿಯೇ ಅದು ನಮ್ಮ ಅಂಗೈವರೆಗೂ ತಲುಪುತ್ತದೆ.

1950ರ ನೊಬೆಲ್ ಪೊವೆಲ್ ಒಬ್ಬರಿಗೇ ಸಂದಿತು. ಫೋಟೋ ವಿಧಾನವನ್ನು ಬೆಳೆಸಿದ್ದಕ್ಕೆ ಮತ್ತು ಮೆಸಾನ್‌ಗಳ ಶೋಧಕ್ಕೆ. ಹಾಗಾದರೆ ಬಿಭಾ ಅವರ ಶೋಧವನ್ನು ಪೊವೆಲ್ ಕದ್ದರೇ? ಇಲ್ಲ. ಒಂದು ಕಣ ಇನ್ನೊಂದಾಗುವ ಆ ಘಟನೆ ಬಿಭಾ ಅವರ ಪ್ಲೇಟಿನಲ್ಲಿ ಸಿಕ್ಕಿರಲಿಲ್ಲ. ಎರಡು ಬಗೆಯ ಮೆಸಾನ್‌ಗಳನ್ನು ಬೇರ್ಪಡಿಸುವ ಶಕ್ತಿ ಆ ಪ್ಲೇಟುಗಳಿಗೆ ಇರಲಿಲ್ಲ. ಆದರೆ ಪ್ಲೇಟಿನಲ್ಲಿ ಮೆಸಾನನ್ನು ಪ್ರೋಟಾನಿನಿಂದ ಬೇರೆ ಮಾಡಿ ತೂಗಬಹುದೆಂಬ ದಾರಿಯನ್ನು ಬೋಸ್ ಮತ್ತು ಚೌಧುರಿ ಮೊದಲೇ ತೋರಿಸಿದ್ದರೆಂದು ಪೊವೆಲ್ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಆ ದಾರಿಯನ್ನು ಅವರಿಗಿಂತ ಮೊದಲೇ ಕಡಿದ ಮರಿಯೆಟಾ ಬ್ಲಾ ಹೆಸರನ್ನು ಎರ್ವಿನ್ ಶ್ರೋಡಿಂಗರ್ ನೊಬೆಲ್‌ಗೆ ಸೂಚಿಸಿದ್ದರು. ಸಿಗಲಿಲ್ಲ.

ಇನ್ನೊಂದು ಸಂಗತಿಯಿದೆ. ಬ್ರಿಸ್ಟಲ್‌ನಲ್ಲಿ ಪ್ಲೇಟುಗಳನ್ನು ದಿನವಿಡೀ ಸೂಕ್ಷ್ಮದರ್ಶಕದಡಿ ನೋಡುತ್ತಿದ್ದವರು ಮಹಿಳೆಯರು. ಅವರಿಗೆ ‘ಸ್ಕ್ಯಾನರ್’ ಎಂದು ಹೆಸರು. ಪಯಾನ್ ಕ್ಷಯದ ಮೊದಲ ಗುರುತನ್ನು ಕಂಡವರು ಮರಿಯೆಟಾ ಕುರ್ಜ್ ಎಂಬ ಸ್ಕ್ಯಾನರ್. ಇಂಥ ಚಿತ್ರಗಳ ಅಡಿಯಲ್ಲಿ ‘ಇದನ್ನು ಕಂಡವರು ಇಂಥವರು’ ಎಂದು ಹೆಸರು ಹಾಕುವ ಪದ್ಧತಿ ಪೊವೆಲ್ ತಂಡದಲ್ಲಿತ್ತು. ಆದರೆ ಪಯಾನಿನ ಲೇಖನದ ಮೇಲೆ ಅಚ್ಚಾದ ನಾಲ್ಕು ಹೆಸರುಗಳೂ ಗಂಡಸರವು. ಲಕ್ಷಾಂತರ ಚುಕ್ಕೆಗಳ ನಡುವೆ ಬೇರೆ ಯಾರೂ ನೋಡದ ಗೆರೆಯನ್ನು ಗುರುತಿಸುವ ಕಣ್ಣನ್ನು ‘ತಾಳ್ಮೆಯ ಕೆಲಸ’ ಎಂದು ಬದಿಗಿಟ್ಟರು. ಅಕ್ಕಿ ಆರಿಸುವ ಕೆಲಸದಂತೆ ಎಂದುಕೊಂಡರೋ ಏನೋ. ಊಟಕ್ಕೆ ಕೂತವರಿಗೆ ಕಲ್ಲು ಸಿಗದೇ ಇದ್ದಾಗ ಆರಿಸಿದವರ ನೆನಪು ಯಾರಿಗೆ ಬರುತ್ತದೆ?

ಮುಂಬೈ ಮತ್ತು ಕೋಲಾರ

ಬಿಭಾ ಅಲ್ಲಿಗೇ ಕೈಚೆಲ್ಲಿ ಕೂರಲಿಲ್ಲ. 1945ರಲ್ಲಿ ಮ್ಯಾಂಚೆಸ್ಟರಿಗೆ ಹೋಗಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಪ್ರಯೋಗಾಲಯದಲ್ಲಿ ವಿಶ್ವಕಿರಣಗಳ ದೊಡ್ಡ ‘ಸುರಿಮಳೆ’ಗಳ ಬಗ್ಗೆ ಪಿಎಚ್‌ಡಿ ಮಾಡಿದರು. ಬ್ಲ್ಯಾಕೆಟ್ ಅವರಿಗೆ 1948ರ ನೊಬೆಲ್ ಬಂದದ್ದು ಬಿಭಾ ಅಲ್ಲಿದ್ದಾಗಲೇ. ಅಲ್ಲಿನ ಪತ್ರಿಕೆಯೊಂದು ಇವರನ್ನು ಮಾತಾಡಿಸಿದಾಗ, ಭೌತವಿಜ್ಞಾನದಲ್ಲಿ ಹೆಣ್ಣುಮಕ್ಕಳು ಇಷ್ಟು ಕಡಿಮೆ ಇರುವುದರ ಬಗ್ಗೆ ಅವರು ಬೇಸರ ತೋಡಿಕೊಂಡಿದ್ದರು.

ಮುಂಬೈ ಕನ್ನಡಿಗರಾದ ನಮಗೆ ಮುಂದಿನ ಭಾಗ ಹತ್ತಿರದ್ದು. ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, 1945ರ ಜೂನ್‌ನಲ್ಲಿ ಕಣ್ಣುಬಿಟ್ಟದ್ದು ಬೆಂಗಳೂರಿನಲ್ಲಿ. ಕೆಲವೇ ತಿಂಗಳಲ್ಲಿ ಪೆಡ್ಡರ್ ರಸ್ತೆಯ ಒಂದು ಬಂಗಲೆಗೆ ಬಂತು. 1949ರಲ್ಲಿ ಗೇಟ್‌ವೇ ಬಳಿಯ ಹಳೆಯ ಯಾಟ್ ಕ್ಲಬ್ ಕಟ್ಟಡಕ್ಕೆ ಹೋಯಿತು. ಅದೇ ವರ್ಷ ಬಿಭಾ ಅಲ್ಲಿ ಸೇರಿದರು. ಆ ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿ ಅವರೇ.

ಟಿಐಎಫ್‌ಆರ್‌ನ ವಿಶ್ವಕಿರಣ ಸಂಶೋಧನೆ ಹಿಡಿದ ಒಂದು ದಾರಿ ನಮ್ಮ ಕೋಲಾರ ಚಿನ್ನದ ಗಣಿಗೆ ಇಳಿಯುತ್ತದೆ. ಬೆಟ್ಟ ಹತ್ತುವುದನ್ನು ಬಿಟ್ಟು ನೆಲದೊಳಗೆ ಇಳಿಯುವುದೇಕೆ? ಮೇಲಿರುವ ಬಂಡೆ ಒಂದು ಜರಡಿ. ಆಳಕ್ಕೆ ಹೋದಂತೆ ಉಳಿದ ಕಣಗಳೆಲ್ಲ ನಿಂತುಹೋಗಿ, ಬಲವಾದ ಮ್ಯೂಯಾನ್‌ಗಳು ಮಾತ್ರ ಇಳಿಯುತ್ತವೆ. 1951ರಲ್ಲಿ ಭಾಭಾ ಅವರ ಮಾತಿನಂತೆ ಗಣಿಗೆ ಇಳಿದು ಮ್ಯೂಯಾನ್ ಎಣಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್. ಮುಂದೆ ಅವರು ಟಿಐಎಫ್‌ಆರ್ ನಿರ್ದೇಶಕರೂ ಆದರು. ಇನ್ನೂ ಆಳಕ್ಕೆ ಹೋದರೆ ಮ್ಯೂಯಾನ್‌ಗಳೂ ಅಪರೂಪ. ಆ ನಿಶ್ಶಬ್ದದಲ್ಲಿ ಅಡ್ಡಡ್ಡಲಾಗಿ ಬರುವ ಮ್ಯೂಯಾನ್ ಕಂಡರೆ ಅದು ಆಕಾಶದಿಂದ ನೇರ ಬಂದದ್ದಲ್ಲ, ಅಷ್ಟು ದೂರದ ಬಂಡೆಯನ್ನು ಮ್ಯೂಯಾನ್ ದಾಟಲಾರದು. ಬಂಡೆಯನ್ನೇ ಲೆಕ್ಕಿಸದೆ ಬಂದ ನ್ಯೂಟ್ರಿನೊ ಅದನ್ನು ಹುಟ್ಟಿಸಿರಬೇಕು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ತಂಡ ಇಂಥ ಗುರುತು ಕಂಡಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು ಕೋಲಾರದಲ್ಲಿ ಮತ್ತು ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ. ಚಿನ್ನ ತೆಗೆಯುವುದು 2001ರಲ್ಲಿ ನಿಂತಿತು. ವಿಜ್ಞಾನದ ಪುಸ್ತಕಗಳಲ್ಲಿ ಕೆಜಿಎಫ್ ಎಂಬ ಮೂರಕ್ಷರ ಸಿನಿಮಾಕ್ಕಿಂತ ಬಹಳ ಹಿಂದೆಯೇ ಅಚ್ಚಾಗಿದೆ.

ಟಿಐಎಫ್‌ಆರ್ ಬಿಟ್ಟ ಮೇಲೆ ಬಿಭಾ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯ ಸೇರಿದರು. ಕೋಲಾರ ಗಣಿಯ ವಿಶ್ವಕಿರಣ ಪ್ರಯೋಗಗಳಲ್ಲಿ ಅವರೂ ಕೆಲಸ ಮಾಡಿದರು. ಸಂದಕ್‌ಫುವಿನ ನೆತ್ತಿಯಿಂದ ಕೋಲಾರದ ಆಳದವರೆಗೆ ಒಬ್ಬ ಹೆಣ್ಣುಮಗಳು ಒಂದೇ ಪ್ರಶ್ನೆಯನ್ನು ಬೆನ್ನಟ್ಟಿದ್ದಳು. ಆಮೇಲೆ ವಿಕ್ರಂ ಸಾರಾಭಾಯಿ ಅವರೊಡನೆ ಮೌಂಟ್ ಅಬುವಿನಲ್ಲಿ ಹೊಸ ಪ್ರಯೋಗದ ಯೋಜನೆ ಇತ್ತು. 1971ರ ಡಿಸೆಂಬರಿನಲ್ಲಿ ಸಾರಾಭಾಯಿ ತೀರಿಕೊಂಡರು, ಯೋಜನೆ ನಿಂತಿತು. ಬಿಭಾ ಸ್ವಯಂ ನಿವೃತ್ತಿ ಪಡೆದು ಕಲ್ಕತ್ತೆಗೆ ಮರಳಿದರು. ಸಂಶೋಧನೆ ಬಿಡಲಿಲ್ಲ. ಕೊನೆಯ ಲೇಖನ 1990ರಲ್ಲಿ ಪ್ರಕಟವಾಯಿತು. 1991ರ ಜೂನ್ 2ರಂದು ತೀರಿಕೊಂಡರು.

ಹುಡುಕಿದರೆ ಸಿಗುವ ಹೆಸರು

ದೇಶದ ದೊಡ್ಡ ವಿಜ್ಞಾನ ಅಕಾಡೆಮಿಗಳ ಫೆಲೋಶಿಪ್ ಬಿಭಾ ಅವರಿಗೆ ಸಿಗಲಿಲ್ಲ. ದೊಡ್ಡ ಪ್ರಶಸ್ತಿಯೂ ಇಲ್ಲ. ಅವರ ಹೆಸರಿನ ಸ್ಪೆಲಿಂಗ್ ಕೂಡ ಒಂದೊಂದು ಲೇಖನದಲ್ಲಿ ಒಂದೊಂದು ತರಹ. ಇಂದಿನ ಸರ್ಚ್ ಎಂಜಿನ್ನಿಗೆ ಇವೆಲ್ಲ ಬೇರೆ ಬೇರೆಯವರು. ಅವರ ಬಗ್ಗೆ ಒಂದು ಪೂರ್ಣ ಪುಸ್ತಕ ಬಂದದ್ದು 2018ರಲ್ಲಿ, ಅವರು ಹೋಗಿ 27 ವರ್ಷಗಳ ನಂತರ.

ನನಗೆ ಇದರಲ್ಲಿ ಕಾಡುವುದು ನೊಬೆಲ್ ತಪ್ಪಿತೆಂಬ ದುಃಖಕ್ಕಿಂತ ಬೇರೆಯದು. ನೊಬೆಲ್ ತಪ್ಪಿದವರು ಗಂಡಸರಲ್ಲೂ ಬೇಕಾದಷ್ಟಿದ್ದಾರೆ, ಡಿ. ಎಂ. ಬೋಸ್ ಅವರಿಗೂ ಸಿಗಲಿಲ್ಲ. ಆದರೆ ನೊಬೆಲ್‌ಗೂ ಪೂರ್ತಿ ಮರೆವಿಗೂ ನಡುವೆ ಎಷ್ಟೋ ಮೆಟ್ಟಿಲುಗಳಿವೆ. ಒಂದು ಫೆಲೋಶಿಪ್, ಒಂದು ಸನ್ಮಾನ, ಪಠ್ಯಪುಸ್ತಕದಲ್ಲಿ ಒಂದು ಸಾಲು, ಒಂದು ಕಟ್ಟಡಕ್ಕೆ ಇಟ್ಟ ಹೆಸರು. ಆ ಮೆಟ್ಟಿಲುಗಳನ್ನು ಇಡಬೇಕಾದವರು ಸ್ವೀಡನ್ನಿನವರಲ್ಲ, ನಾವು. ನೊಬೆಲ್ ಸಮಿತಿಯನ್ನು ಬೈಯುವ ಸಂದೇಶ ಫಾರ್ವರ್ಡ್ ಮಾಡುವುದು ಸುಲಭ, ನಮ್ಮದೇ ಲೆಕ್ಕ ನೋಡಿಕೊಳ್ಳುವುದು ಕಷ್ಟ.

ಲೆಕ್ಕ ಸರಿಮಾಡುವ ಒಂದು ಸಣ್ಣ ಕೆಲಸ 2019ರಲ್ಲಿ ಆಯಿತು. ಗ್ರಹವುಳ್ಳ ದೂರದ ನಕ್ಷತ್ರಗಳಿಗೆ ಹೆಸರಿಡುವ ಅವಕಾಶವನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರತಿ ದೇಶಕ್ಕೂ ಕೊಟ್ಟಿತ್ತು. ಭಾರತಕ್ಕೆ ಬಂದ ಎಚ್‌ಡಿ 86081 ಎಂಬ ನಕ್ಷತ್ರಕ್ಕೆ ‘ಬಿಭಾ’ ಎಂದು, ಅದರ ಗ್ರಹಕ್ಕೆ ‘ಸಂತಮಸ’ ಎಂದು ಹೆಸರಾಯಿತು. ಬಂಗಾಳಿಯಲ್ಲಿ ಬಿಭಾ ಎಂದರೆ ಬೆಳಕಿನ ಕಿರಣ. ನಕ್ಷತ್ರಕ್ಕೆ ಈ ಹೆಸರು ಸೂಚಿಸಿದ್ದು ಯಾವ ಅಕಾಡೆಮಿಯೂ ಅಲ್ಲ, ಒಬ್ಬ ವಿದ್ಯಾರ್ಥಿ.

ಸಿಂಹರಾಶಿಯ ಮಖಾ ನಕ್ಷತ್ರದ ದಕ್ಷಿಣಕ್ಕೆ, ಸೆಕ್ಸ್‌ಟನ್ಸ್ ಎಂಬ ಮಂಕಾದ ಪುಂಜದಲ್ಲಿ ಆ ನಕ್ಷತ್ರವಿದೆ. ಬರಿಗಣ್ಣಿಗೆ ಕಾಣದು. ಸಣ್ಣದೊಂದು ದೂರದರ್ಶಕ ಹಿಡಿದು, ಎಲ್ಲಿ ನೋಡಬೇಕೆಂದು ತಿಳಿದು, ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ.